ಮೊದಲ ಸಲ ಗಾಲ್ಫ್ ಕೋರ್ಸ್‌ಗೆ ಹೊರಟಿದ್ದೀರಾ?

ಚೆಂಡು ಹೊಡೆಯಲು ಬಾರದವರನ್ನು ಗಾಲ್ಫ್ ಕೋರ್ಸ್‌ನಲ್ಲಿ ಯಾರೂ ಬೈಯುವುದಿಲ್ಲ. ಬೈಸಿಕೊಳ್ಳುವವರು ನಿಧಾನ ಮಾಡುವವರು. ಇದೊಂದು ಗೊತ್ತಿದ್ದರೆ ಅರ್ಧ ಭಯ ಹೋದಂತೆ.

ಮೊದಲು ಡ್ರೈವಿಂಗ್ ರೇಂಜ್‌ನಲ್ಲಿ (ಚೆಂಡು ಹೊಡೆದು ಅಭ್ಯಾಸ ಮಾಡುವ ಮೈದಾನ) ಕೈ ಪಳಗಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಬೆಂಗಳೂರಿನ ಅದಿತಿ ಅಶೋಕ್‌ಗೂ ಚಿಕ್ಕಂದಿನಲ್ಲಿ ಆಟದ ಆಸೆ ಹುಟ್ಟಿಸಿದ್ದು ಡ್ರೈವಿಂಗ್ ರೇಂಜೇ. ಚೆಂಡು ನೆಲ ಬಿಟ್ಟು ಏಳತೊಡಗಿದ ಮೇಲೆ ಕ್ಲಬ್‌ಗೆ ಫೋನ್ ಮಾಡಿ. ಸದಸ್ಯರಲ್ಲದವರಿಗೆ ಪ್ರವೇಶ ಇದೆಯೇ, ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ಹೇಳುವ ಅಂಕಿ) ಕೇಳುತ್ತಾರೆಯೇ, ಬ್ಯಾಗ್ ಹೊರುವ ಕ್ಯಾಡಿ ಸಿಗುತ್ತಾರೆಯೇ ಎಂದು ಕೇಳಿಕೊಳ್ಳಿ. ಕಾಲರ್ ಇರುವ ಟೀ ಶರ್ಟ್ ಹಾಕಿ, ಜೀನ್ಸ್ ಬೇಡ. ಬ್ಯಾಗ್‌ನಲ್ಲಿ 14 ಕ್ಲಬ್‌ಗಳವರೆಗೆ (ಚೆಂಡು ಹೊಡೆಯುವ ಕೋಲಿಗೂ ಕ್ಲಬ್ ಎಂದೇ ಹೆಸರು) ಇಡಬಹುದು. ಹೊಸಬರಿಗೆ ಏಳೆಂಟು ಸಾಕು. ಚೆಂಡು ಮಾತ್ರ ಜಾಸ್ತಿ ಇರಲಿ, ಕೆರೆಗೆ ಎಷ್ಟು ಹೋಗುತ್ತವೋ ಹೇಳಲಾಗದು!

ಟೀ ಸಮಯಕ್ಕೆ, ಅಂದರೆ ಆಟ ಶುರುಮಾಡಲು ನಿಮಗೆ ಕೊಟ್ಟ ಸಮಯಕ್ಕೆ, ಅರ್ಧ ಗಂಟೆ ಮುಂಚೆ ಹೋಗಿ, ಮೈ ಸಡಿಲ ಮಾಡಿಕೊಳ್ಳಿ. ಫೋನ್ ಸೈಲೆಂಟ್‌ನಲ್ಲಿರಲಿ. ಇನ್ನೊಬ್ಬರು ಹೊಡೆಯುವಾಗ ಮಾತು ಬೇಡ, ಅವರ ಹಿಂದೆ ನಿಲ್ಲುವುದೂ ಬೇಡ. ಮುಂದಿನ ಗುಂಪು ನಿಮ್ಮ ಚೆಂಡು ತಲುಪುವಷ್ಟು ದೂರದಲ್ಲಿದ್ದರೆ ಕಾಯಿರಿ. ಹೊಡೆದ ಚೆಂಡು ಯಾರ ಕಡೆಗಾದರೂ ಹೋಯಿತೋ, ನಾಚಿಕೆ ಬಿಟ್ಟು 'ಫೋರ್!' ಎಂದು ಕೂಗಿ. ನಿಮಗೇ ಆ ಕೂಗು ಕೇಳಿದರೆ ಮೇಲೆ ನೋಡಬೇಡಿ. ತಲೆಗೆ ಕೈ ಅಡ್ಡ ಹಿಡಿದು ಬಗ್ಗಿ.

ಈಗ ನಿಧಾನದ ವಿಷಯ. ಚೆಂಡು ಕಾಣೆಯಾದರೆ ಹುಡುಕಲು ನಿಯಮ ಕೊಡುವುದು 3 ನಿಮಿಷ ಮಾತ್ರ. 2019ಕ್ಕೆ ಮೊದಲು 5 ನಿಮಿಷ ಇತ್ತು. ಪೊದೆಗೆ ಹೋಯಿತು ಅನ್ನಿಸಿದರೆ ಹೊಡೆದ ಜಾಗದಿಂದಲೇ, ಜೊತೆಗಾರರಿಗೆ ಹೇಳಿ, ಪ್ರೊವಿಷನಲ್ (ತಾತ್ಕಾಲಿಕ) ಎಂದು ಇನ್ನೊಂದು ಚೆಂಡು ಹೊಡೆದುಬಿಡಿ. ಮೊದಲ ಚೆಂಡು ಸಿಗದಿದ್ದರೆ ಮತ್ತೆ ಹೊಡೆಯಲು ವಾಪಸ್ ನಡೆದು ಬರುವುದು ತಪ್ಪುತ್ತದೆ. ಸ್ನೇಹಿತರ ಜೊತೆ ಸುಮ್ನೆ ಆಡುತ್ತಿದ್ದೀರಾ? ಒಂದೇ ಹೋಲ್‌ನಲ್ಲಿ (ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ತೂತಿನವರೆಗಿನ ಭಾಗ) ಹತ್ತು ಹೊಡೆತ ದಾಟಿದರೆ ಚೆಂಡು ಎತ್ತಿಕೊಂಡು ಮುಂದೆ ನಡೆಯಿರಿ. ಯಾರೂ ಏನೂ ಅನ್ನುವುದಿಲ್ಲ. ಹಿಂದಿನವರು ಕಾಯುತ್ತಿದ್ದು, ನಿಮ್ಮ ಮುಂದೆ ಒಂದು ಹೋಲ್ ಪೂರ್ತಿ ಖಾಲಿ ಇದ್ದರೆ ಅವರಿಗೆ ದಾರಿ ಬಿಡಿ.

ನೆಲ ಕೆಡಿಸಿದರೆ ನೀವೇ ಸರಿಮಾಡಬೇಕು. ಹೊಡೆತಕ್ಕೆ ಹುಲ್ಲಿನ ಹೆಂಟೆ ಕಿತ್ತು ಬಂದರೆ ತಂದಿಟ್ಟು ತುಳಿಯಿರಿ. ಇಲ್ಲವೇ ಗುಂಡಿಗೆ ಮರಳು ತುಂಬಿ. ಬಂಕರ್‌ಗೆ (ಮರಳಿನ ಹಳ್ಳ) ತಗ್ಗಿನ ಕಡೆಯಿಂದ ಇಳಿದು, ಹೊರಬರುವಾಗ ಹೆಜ್ಜೆ ಗುರುತನ್ನೆಲ್ಲ ರೇಕ್‌ನಿಂದ ಅಳಿಸಿ. ಹಿಂದೆ ಬರುವವರ ಚೆಂಡು ನಿಮ್ಮ ಹೆಜ್ಜೆಯ ಗುಂಡಿಯಲ್ಲಿ ಕೂತರೆ ಅವರು ಅಲ್ಲಿಂದಲೇ ಹೊಡೆಯಬೇಕು, ಪಾಪ.

ತೂತಿನ ಸುತ್ತಲಿನ ನುಣುಪು ಹುಲ್ಲಿನ ಜಾಗವಾದ ಗ್ರೀನ್ ಮೇಲೆ ಇನ್ನೂ ಹುಷಾರು. ಟ್ರಾಲಿ, ಬ್ಯಾಗ್ ಹೊರಗೇ ಇರಲಿ, ಮುಂದಿನ ಟೀ (ಮುಂದಿನ ಹೋಲ್‌ನ ಮೊದಲ ಹೊಡೆತದ ಜಾಗ) ಕಡೆಗೆ ಇಟ್ಟರೆ ಇನ್ನೂ ಒಳ್ಳೆಯದು. ಚೆಂಡು ಬಿದ್ದು ಆದ ಕುಳಿಯನ್ನು ಫೋರ್ಕ್‌ನಿಂದ ಅಂಚಿನ ಮಣ್ಣನ್ನು ನಡುವಿಗೆ ತಳ್ಳಿ ಮುಚ್ಚಬೇಕು. ಅಡಿಯಿಂದ ಮೀಟಿ ಎಬ್ಬಿಸಿದರೆ ಬೇರು ಹರಿದು ಹುಲ್ಲು ಸಾಯುತ್ತದೆ. ಬೇರೆಯವರ ಚೆಂಡಿಗೂ ತೂತಿಗೂ ನಡುವಿನ ಗೆರೆ ತುಳಿಯಬೇಡಿ, ನೆರಳೂ ಬೀಳದಿರಲಿ. ನಿಮ್ಮ ಚೆಂಡು ಅಡ್ಡವಿದ್ದರೆ ಅದರ ಹಿಂದೆ ನಾಣ್ಯವಿಟ್ಟು ಎತ್ತಿಕೊಳ್ಳಿ.

ಎಲ್ಲರ ಚೆಂಡೂ ಒಳಗೆ ಬಿದ್ದ ಕೂಡಲೇ ಜಾಗ ಬಿಡಿ. ಬೆರಳು ಮಡಚಿ ಹೊಡೆತ ಎಣಿಸುತ್ತಾ ಅಲ್ಲೇ ನಿಲ್ಲುವುದು ಹೊಸಬರ ಅಭ್ಯಾಸ. ಸ್ಕೋರ್ ಬರೆಯುವುದು ಮುಂದಿನ ಟೀ ಹತ್ತಿರ ಹೋದ ಮೇಲೆ.