ನಿಕ್ಕಲ್ ಲೇಪದ ರೈಫಲ್ ಕೇಸಿಗೆ ಮತ್ತೆ ಮದ್ದು ತುಂಬುವ ಮುಂಚೆ

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೋಗುವವರ ಹತ್ತಿರ ಬೆಳ್ಳಿಯ ಹಾಗೆ ಹೊಳೆಯುವ ಖಾಲಿ ಕೇಸುಗಳು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಕಾಡತೂಸಿನ ಲೋಹದ ಕವಚಗಳು, ಬೇಗ ಸೇರಿಕೊಳ್ಳುತ್ತವೆ. ಒಳಗೆ ಹಿತ್ತಾಳೆಯೇ, ಮೇಲೆ ಮಾತ್ರ ತೆಳುವಾದ ನಿಕ್ಕಲ್. ಚರ್ಮದ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಸಿಟ್ಟರೆ ಬರೀ ಹಿತ್ತಾಳೆ ಕಿಲುಬು ಹಿಡಿಯುತ್ತದೆ, ಇದು ಹಿಡಿಯುವುದಿಲ್ಲ. ಗುಂಡು ಹಾರಿದ ಮೇಲೆ ರೈಫಲಿನಲ್ಲಿ ಕಾಡತೂಸು ಕೂರುವ ಚೇಂಬರಿನಿಂದ ಸಲೀಸಾಗಿ ಜಾರಿ ಬರುತ್ತದೆ. ಇವನ್ನು ಮತ್ತೆ ತುಂಬಬಹುದಾ ಅಂದರೆ, ತುಂಬಬಹುದು. ಆದರೆ ಆ ಹೊಳಪು ಕೇಸಿನ ದೋಷವನ್ನು ಕಣ್ಣಿನಿಂದ ಮರೆಮಾಡುತ್ತದೆ. ಹೊಸಬರು ಮೊದಲು ತಿಳಿಯಬೇಕಾದದ್ದು ಅದೇ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಕಾಡತೂಸು ತಯಾರಿಸುವುದು ಅಪರಾಧ, ಊರಿಗೆ ಬಂದಾಗ ಈ ಯೋಚನೆಯೇ ಬೇಡ. ಅಮೆರಿಕದಲ್ಲೂ ಎಚ್-1ಬಿ ತರಹದ ವೀಸಾದಲ್ಲಿರುವ ನಮ್ಮವರು ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಕಾಡತೂಸು ಇಟ್ಟುಕೊಳ್ಳುವ ಹಾಗಿಲ್ಲ.

ಈಗ ಕೆಲಸಕ್ಕೆ ಬರೋಣ. ಉದಾಹರಣೆಗೆ 308 ವಿಂಚೆಸ್ಟರ್ ಅನ್ನುವ ರೈಫಲ್ ಕಾಡತೂಸಿನ ಕೇಸನ್ನೇ ತೆಗೆದುಕೊಳ್ಳೋಣ.

ಮೊದಲು ವಿಂಗಡಿಸಿ. ತಳದ ಮುದ್ರೆ ನೋಡಿ ಒಂದೊಂದು ಕಂಪನಿಯದನ್ನು ಬೇರೆ ಇಡಿ, ನಿಕ್ಕಲ್ ಮತ್ತು ಬರೀ ಹಿತ್ತಾಳೆ ಎಂದೂ ಬೆರೆಯಬಾರದು. ಬುಲೆಟ್ ಕೂರುವ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಲೇಪ ಸಿಪ್ಪೆಯಂತೆ ಏಳುತ್ತಿದ್ದರೂ ಆ ಕೇಸು ಕಸಕ್ಕೆ. ಆಮೇಲೆ ಮುಖ್ಯವಾದ ಪರೀಕ್ಷೆ. ಬರೀ ಹಿತ್ತಾಳೆ ಕೇಸಿನ ಗೋಡೆ ತಳದ ಹತ್ತಿರ ಸವೆದಿದ್ದರೆ ಹೊರಗೆ ಒಂದು ಹೊಳೆಯುವ ಉಂಗುರ ಕಾಣುತ್ತದೆ. ಇಲ್ಲಿ ಇಡೀ ಕೇಸೇ ಹೊಳೆಯುತ್ತದಲ್ವಾ, ಉಂಗುರ ಎಲ್ಲಿ ಕಾಣಬೇಕು? ಹಾಗಾಗಿ ಒಂದು ಪೇಪರ್ ಕ್ಲಿಪ್ ಬಿಡಿಸಿ, ತುದಿಯನ್ನು ಚೂರು ಬಗ್ಗಿಸಿ, ಅರದಿಂದ ಚೂಪು ಮಾಡಿ, ಕೇಸಿನೊಳಗೆ ಇಳಿಸಿ ತಳದಿಂದ ಮೇಲಕ್ಕೆ ಗೋಡೆಗೆ ಒತ್ತಿ ಎಳೆಯಿರಿ. ನುಣ್ಣಗೆ ಬಂದರೆ ಸರಿ. ಎಲ್ಲಾದರೂ ಗೀರಿಗೆ ಸಿಕ್ಕಿದ ಹಾಗೆ ತಡೆದರೆ ಅಲ್ಲಿ ಗೋಡೆ ತೆಳುವಾಗಿದೆ ಅಂತ ಅರ್ಥ, ಮುಂದಿನ ಸಲ ಕೇಸು ಎರಡು ತುಂಡಾಗಿ ಬಿಸಿ ಗ್ಯಾಸ್ ನಿಮ್ಮ ಮುಖದ ಕಡೆ ಬರಬಹುದು. ಒಂದು ಕೇಸನ್ನೂ ಬಿಡದೆ ಪ್ರತಿ ಸಲ ಇದನ್ನು ಮಾಡಿ.

ಸ್ವಚ್ಛ ಮಾಡುವುದು ಸುಲಭ. ಜೋಳದ ದಿಂಡಿನ ಪುಡಿ ಹಾಕಿದ ಟಂಬ್ಲರಿನಲ್ಲಿ, ಅಂದರೆ ಕೇಸುಗಳನ್ನು ಅಲುಗಿಸಿ ಉಜ್ಜುವ ಯಂತ್ರದಲ್ಲಿ, ಸ್ವಲ್ಪ ಹೊತ್ತು ಸಾಕು, ರಾತ್ರಿಯಿಡೀ ಬಿಟ್ಟರೆ ಲೇಪವೇ ಸವೆಯುತ್ತದೆ. ಅಮೋನಿಯ ಇರುವ ಪಾಲಿಶ್ ಬೇಡ, ಅದು ಹಿತ್ತಾಳೆಯನ್ನು ದುರ್ಬಲ ಮಾಡುತ್ತದೆ.

ಇನ್ನು ಸೈಜಿಂಗ್, ಅಂದರೆ ಹಾರಿಸಿದಾಗ ಉಬ್ಬಿದ ಕೇಸನ್ನು ಪ್ರೆಸ್ಸಿನಲ್ಲಿ ಡೈ ಅನ್ನುವ ಅಚ್ಚಿನೊಳಗೆ ಒತ್ತಿ ಮತ್ತೆ ಅಳತೆಗೆ ತರುವುದು. ನಿಕ್ಕಲ್ ಹಿತ್ತಾಳೆಗಿಂತ ಗಟ್ಟಿ. ಹೊರಗೆ ಮಾತ್ರ ಜಾರುವ ಮೇಣ ಸವರಿ ಕತ್ತಿನ ಒಳಭಾಗ, ಅಂದರೆ ಒಳಗತ್ತು, ಒಣಗಿದ್ದರೆ ಅದನ್ನು ಒಳಗಿನಿಂದ ಹಿಗ್ಗಿಸುವ ಡೈಯ ಎಕ್ಸ್‌ಪ್ಯಾಂಡರ್ ಬಾಲ್ ಕಿರ್ ಅಂತ ಎಳೆದುಕೊಂಡು ಬರುತ್ತದೆ, ಕತ್ತು ಉದ್ದವಾಗುತ್ತದೆ, ಸೊಟ್ಟಗೂ ಆಗಬಹುದು. ನಾನು ಒಳಗತ್ತಿಗೆ ಹಚ್ಚುವುದನ್ನು ಮರೆತ ದಿನ ಮೂರನೇ ಕೇಸಿಗೇ ಪ್ರೆಸ್ಸಿನ ಹಿಡಿ ಎಳೆಯಲು ಎರಡೂ ಕೈ ಬೇಕಾಯಿತು. ಮೈಗೆ ತೆಳುವಾಗಿ, ಒಳಗತ್ತಿಗೆ ಇನ್ನೂ ತೆಳುವಾಗಿ ಸವರಿ. ಜಾಸ್ತಿಯಾದರೆ ಕತ್ತಿನ ಕೆಳಗಿನ ಇಳಿಜಾರು ಭಾಗವಾದ ಹೆಗಲಿನ ಮೇಲೆ ತಗ್ಗು ಬೀಳುತ್ತದೆ. ನಾಲ್ಕೈದು ಕೇಸಿಗೊಮ್ಮೆ ಡೈ ಒಳಗನ್ನು ಬಟ್ಟೆಯಿಂದ ಒರೆಸಿ, ಉದುರಿದ ನಿಕ್ಕಲ್ ಚೂರು ಅಲ್ಲಿ ಸೇರಿದರೆ ಮುಂದಿನ ಕೇಸುಗಳನ್ನೆಲ್ಲ ಗೀರುತ್ತದೆ. ಕೈಯಿಂದ ಬೋಲ್ಟ್ ಎಳೆದು ತುಂಬುವ ರೈಫಲಿಗಾದರೆ ಹೆಗಲನ್ನು 0.002 ಇಂಚಿನಷ್ಟು ಮಾತ್ರ ಹಿಂದೆ ತಳ್ಳಿ. ಅತಿಯಾಗಿ ತಳ್ಳಿದರೆ ಆಗಲೇ ಹೇಳಿದ ಹಾಗೆ ತಳದ ಹತ್ತಿರ ಗೋಡೆ ಬೇಗ ತೆಳುವಾಗುತ್ತದೆ.

ಉದ್ದ ಅಳೆಯಿರಿ. ಗರಿಷ್ಠ 2.015 ಇಂಚು, ಕತ್ತರಿಸಬೇಕಾದದ್ದು 2.005ಕ್ಕೆ. ಕತ್ತರಿಸಿದ ಬಾಯಿಯಲ್ಲಿ ಲೇಪ ತರಿತರಿಯಾಗಿ ಉಳಿಯುತ್ತದೆ. ಒಳಗೂ ಹೊರಗೂ ಹಗುರವಾಗಿ ಕೆರೆದು, ಬೋರಲು ಹಾಕಿ ತಟ್ಟಿ ಚೂರುಗಳನ್ನು ಕೆಡವಿ. ಹಿತ್ತಾಳೆ ಕೇಸಿನ ಕತ್ತನ್ನು ಬೆಂಕಿಯಲ್ಲಿ ಕಾಯಿಸಿ ಮೆದು ಮಾಡುವ ರೂಢಿ ಇದೆ, ಬಣ್ಣ ಬದಲಾಗುವುದನ್ನು ನೋಡಿ ಎಷ್ಟು ಕಾದಿದೆ ಅಂತ ತಿಳಿಯುತ್ತಾರೆ. ನಿಕ್ಕಲ್ ಮೇಲೆ ಆ ಗುರುತು ನಂಬುವಂತಿಲ್ಲ, ಬಿಟ್ಟುಬಿಡಿ. ಈ ಕೇಸುಗಳ ಕತ್ತು ಹೇಗೂ ಬೇಗ ಸೀಳುತ್ತದೆ, ಸೀಳಿದ್ದನ್ನು ಎಸೆಯುವುದೇ ದಾರಿ.

ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆಯಾದ ಪ್ರೈಮರ್ ತಳಕ್ಕಿಂತ ಕೂದಲಷ್ಟು ಒಳಗೆ ಕೂರಬೇಕು, ಬೆರಳು ಸವರಿ ನೋಡಿ. ಉಬ್ಬಿದ್ದರೆ ಆ ಕೇಸು ಪಕ್ಕಕ್ಕೆ.

ಮದ್ದಿನ ಅಳತೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಮದ್ದು ಅಥವಾ ಬುಲೆಟ್ ಕಂಪನಿಯ ಅಚ್ಚಾದ ಕೈಪಿಡಿಯನ್ನೇ ನೋಡಿ, ಅದರ ಆರಂಭದ ಅಳತೆಯಿಂದಲೇ ಶುರು ಮಾಡಿ. ಹಿತ್ತಾಳೆ ಕೇಸಿಗೆ ನೀವು ಮೊದಲೇ ಕಂಡುಕೊಂಡ ಅಳತೆಯನ್ನು ನೇರವಾಗಿ ಇದಕ್ಕೆ ಹಾಕಬೇಡಿ, ಒಳಗಿನ ಜಾಗವೂ ಕತ್ತಿನ ಬಿಗಿಯೂ ಬೇರೆ ಇರಬಹುದು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ, ಫೋನು ಪಕ್ಕದ ಕೋಣೆಯಲ್ಲಿ, ಕಣ್ಣಿಗೆ ಕನ್ನಡಕ. ತುಂಬಿದ ಮೇಲೆ ಟಾರ್ಚ್ ಬಿಟ್ಟು ಎಲ್ಲ ಕೇಸುಗಳಲ್ಲೂ ಮದ್ದು ಒಂದೇ ಮಟ್ಟಕ್ಕಿದೆಯೇ ನೋಡಿ, ಆಮೇಲೆ ಬುಲೆಟ್ ಕೂರಿಸಿ. ಒಟ್ಟು ಉದ್ದ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ.

ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ತುಂಬಿದ ಕಾಡತೂಸಿನ ಡಬ್ಬಿಯ ಮೇಲೆ ತಾರೀಖು, ಮದ್ದು, ಅಳತೆ, ಬುಲೆಟ್, ಮತ್ತು ಎಷ್ಟನೇ ಸಲ ತುಂಬಿದ್ದು ಅಂತ ಬರೆದಿಡಿ. ನಾನು ಮೂರನೇ ಸಲದ್ದನ್ನು ಬೇಟೆಗೆ ಒಯ್ಯುವುದಿಲ್ಲ, ರೇಂಜಿನಲ್ಲಿ ಗುರಿ ಅಭ್ಯಾಸಕ್ಕೆ ಇಡುತ್ತೇನೆ.