ಸಣ್ಣ ಕಾರಿಗೆ ರಿವರ್ಸ್ ಕ್ಯಾಮೆರಾ: ಡಿಕ್ಕಿಯಿಂದ ಸ್ಟೀರಿಯೊವರೆಗೆ ವೈರಿಂಗ್

ರಿವರ್ಸ್ ಕ್ಯಾಮೆರಾ ಹಾಕುವ ಕೆಲಸದಲ್ಲಿ ಕ್ಯಾಮೆರಾ ಕೂರಿಸುವುದು ಹತ್ತು ನಿಮಿಷದ ಮಾತು. ಮಿಕ್ಕಿದ್ದೆಲ್ಲ ವೈರ್ ಎಳೆಯುವುದೇ. ಕೆಲವು ತಿಂಗಳಿಗೆ ಚಿತ್ರ ಕುಣಿಯತೊಡಗಿತು, ಮಳೆಗಾಲದಲ್ಲಿ ಡಿಕ್ಕಿಗೆ ನೀರು ಇಳಿಯಿತು, ರಿವರ್ಸ್ ಲೈಟೇ ಹೋಯಿತು ಎಂಬ ದೂರುಗಳ ಬೇರು ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಎರಡು ಜಾಗ: ಹಿಂಬಾಗಿಲಿನ ರಬ್ಬರ್ ಕೊಳವೆ, ಮತ್ತು ರಿವರ್ಸ್ ಬಲ್ಬಿನ ವೈರಿಗೆ ಹಾಕಿದ ಜಾಯಿಂಟು. ಈ ಎರಡನ್ನು ಸರಿಯಾಗಿ ಮಾಡಿದರೆ ಅಗ್ಗದ ಕ್ಯಾಮೆರಾವೂ ವರ್ಷಗಟ್ಟಲೆ ಬಾಳುತ್ತದೆ.

ಇಲ್ಲಿ ಹೇಳಿರುವುದು ವ್ಯಾಗನ್ ಆರ್, ಸ್ವಿಫ್ಟ್, ಆಲ್ಟೊ, ಐ10, ಟಿಯಾಗೊ ತರಹದ ಹ್ಯಾಚ್‌ಬ್ಯಾಕ್‌ಗಳಿಗೆ. ಕ್ಯಾಮೆರಾ ಇನ್‌ಪುಟ್ ಇರುವ ಟಚ್‌ಸ್ಕ್ರೀನ್ ಸ್ಟೀರಿಯೊ ಕಾರಿನಲ್ಲಿ ಈಗಾಗಲೇ ಇದೆ ಎಂದು ಹಿಡಿದಿದ್ದೇವೆ. ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು, ಕ್ಯಾಮೆರಾ ಆಗಲಿಲ್ಲ. ಅದಕ್ಕೇ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಬೀಪ್ ಉಂಟು, ಚಿತ್ರ ಇಲ್ಲ. ಆ ಸೆನ್ಸರಿನ ವೈರಿಂಗ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಕೊಳ್ಳುವ ಮುಂಚೆ

ಸ್ಟೀರಿಯೊ ಯಾವ ಸಿಗ್ನಲ್ ತೆಗೆದುಕೊಳ್ಳುತ್ತದೆ ಎಂದು ಮೊದಲು ನೋಡಿಕೊಳ್ಳಿ. ಹಳೆಯವು ಸಿವಿಬಿಎಸ್ ಎಂಬ ಮಾಮೂಲಿ ಅನಲಾಗ್ ವಿಡಿಯೊ ಸಿಗ್ನಲ್ ಮಾತ್ರ ಓದುತ್ತವೆ. ಈಚಿನ ಆಂಡ್ರಾಯ್ಡ್ ಸ್ಟೀರಿಯೊಗಳಲ್ಲಿ ಹಲವು ಹೆಚ್ಚು ಸ್ಪಷ್ಟ ಚಿತ್ರ ಕೊಡುವ ಎಎಚ್‌ಡಿಯನ್ನೂ ಓದುತ್ತವೆ. ಎರಡಕ್ಕೂ ಅದೇ ಹಳದಿ ಆರ್‌ಸಿಎ ಪ್ಲಗ್ (ಹಳೆಯ ಟಿವಿ, ಡಿವಿಡಿಗೆ ಚುಚ್ಚುತ್ತಿದ್ದ ಗುಂಡನೆಯ ಪಿನ್ನು) ಆದ್ದರಿಂದ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಎಎಚ್‌ಡಿ ಕ್ಯಾಮೆರಾವನ್ನು ಸಿವಿಬಿಎಸ್ ಸ್ಟೀರಿಯೊಗೆ ಚುಚ್ಚಿದರೆ ಪರದೆ ಖಾಲಿ, ಇಲ್ಲವೇ ಗೆರೆ ಗೆರೆ. ಕಾರಿನ ಜೊತೆಗೇ ಬಂದ ಕಂಪನಿ ಸ್ಟೀರಿಯೊ ಆದರೆ ಹಿಂದೆ ಆರ್‌ಸಿಎ ಸಾಕೆಟ್ ಸಾಮಾನ್ಯವಾಗಿ ಇರುವುದಿಲ್ಲ. ಆ ಮಾಡೆಲ್‌ಗೆ ಹೊಂದುವ ಅಡಾಪ್ಟರ್ ಕೇಬಲ್ ಬೇಕು, ಕೆಲವದರಲ್ಲಿ ಕ್ಯಾಮೆರಾ ಆಯ್ಕೆಯನ್ನು ಸಾಫ್ಟ್‌ವೇರಿನಲ್ಲೂ ತೆರೆಯಬೇಕಾಗುತ್ತದೆ.

ಆಕಾರದ ವಿಷಯಕ್ಕೆ ಬಂದರೆ, ನಂಬರ್ ಪ್ಲೇಟಿನ ಫ್ರೇಮಿನೊಳಗೆ ಕೂತಿರುವ ಕ್ಯಾಮೆರಾವನ್ನು ಬಿಟ್ಟುಬಿಡಿ. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಬರುತ್ತಿರುವುದು ಎಚ್‌ಎಸ್‌ಆರ್‌ಪಿ ಪ್ಲೇಟು. ಹಿಂದಿನ ಪ್ಲೇಟಿನ ಸ್ನ್ಯಾಪ್ ಲಾಕನ್ನು ಒಡೆಯದೆ ಬಿಚ್ಚಲು ಬರುವುದಿಲ್ಲ, ಪ್ಲೇಟಿಗೆ ತೂತು ಹೊಡೆಯುವುದಾಗಲಿ ಅಕ್ಷರ ಮುಚ್ಚುವುದಾಗಲಿ ಕೂಡದು. ಪ್ಲೇಟಿನ ಮೇಲಿನ ಪಟ್ಟಿಯ ಅಡಿಗೆ ಸ್ಕ್ರೂ ಆಗುವ ಚಿಟ್ಟೆಯಾಕಾರದ ಬ್ರಾಕೆಟ್ ಕ್ಯಾಮೆರಾ ಸಣ್ಣ ಕಾರಿಗೆ ಹೇಳಿ ಮಾಡಿಸಿದ್ದು. ತೂತಿನೊಳಗೆ ಕೂರುವ ಗುಂಡಗಿನ ಕ್ಯಾಮೆರಾ ನೋಡಲು ಅಂದ, ಆದರೆ ಸುಮಾರು 20 ಮಿ.ಮೀ. ತೂತು ಬೇಕು, ಒಮ್ಮೆ ಕೊರೆದರೆ ವಾಪಸ್ಸಿಲ್ಲ. ವೈರ್‌ಲೆಸ್ ಕಿಟ್‌ಗೂ ಹಿಂದೆ 12 ವೋಲ್ಟ್ ಜೋಡಿಸಲೇಬೇಕು. ಉಳಿತಾಯವಾಗುವುದು ಒಂದು ಕೇಬಲ್ಲು, ಬರುವುದು ತಡವಾಗುವ, ತಡವರಿಸುವ ಚಿತ್ರ. ನಾಲ್ಕು ಮೀಟರಿನೊಳಗಿನ ಕಾರಿಗೆ ಅದು ಬೇಡ.

ಕ್ಯಾಮೆರಾ ಜೊತೆ 6 ಮೀಟರಿನ ಆರ್‌ಸಿಎ ಕೇಬಲ್ ಬರುತ್ತದೆ. ಅದರ ಎರಡೂ ತುದಿಯಲ್ಲಿ ಒಂದು ತೆಳು ಕೆಂಪು ವೈರ್ ಹೊರಗೆ ಇಣುಕುತ್ತಿರಬೇಕು. ಅದೇ ಟ್ರಿಗರ್, ಅಂದರೆ ರಿವರ್ಸ್ ಹಾಕಿದಾಗ ಕ್ಯಾಮೆರಾ ಚಿತ್ರಕ್ಕೆ ಬದಲಾಗು ಎಂದು ಸ್ಟೀರಿಯೊಗೆ ತಿಳಿಸುವ ವೈರ್. ಅದಿಲ್ಲದ ಕೇಬಲ್ ಬಂದರೆ ಬದಲಾಯಿಸಿಕೊಳ್ಳಿ. ಇದರ ಮೇಲೆ ಬೇಕಾಗುವುದು: 1 ಆಂಪ್ ಫ್ಯೂಸ್ ಮತ್ತು ಅದರ ಇನ್‌ಲೈನ್ ಹೋಲ್ಡರ್, ಬೋಲ್ಟಿಗೆ ಹೊಂದುವ ಒಂದು ರಿಂಗ್ ಟರ್ಮಿನಲ್, ಒಂದು ಮೀಟರ್ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಕುಗ್ಗಿ ಜಾಯಿಂಟನ್ನು ಬಿಗಿಯುವ ಪ್ಲಾಸ್ಟಿಕ್ ಕೊಳವೆ), ಸೋಲ್ಡರ್ ಕಬ್ಬಿಣ, ಬಟ್ಟೆಯ ಹಾರ್ನೆಸ್ ಟೇಪು ಒಂದು ಸುರುಳಿ, ಹತ್ತಿಪ್ಪತ್ತು ಕೇಬಲ್ ಟೈ, ಪ್ಲಾಸ್ಟಿಕ್ ಪ್ಯಾನೆಲ್ ಟೂಲು, 10 ನಂಬರ್ ಸ್ಪ್ಯಾನರ್, ಸ್ಟಾರ್ ಸ್ಕ್ರೂ ಡ್ರೈವರ್, ಒಂದೂವರೆ ಮೀಟರ್ ಗಟ್ಟಿ ಜಿ.ಐ. ತಂತಿ ಮತ್ತು ಮಲ್ಟಿಮೀಟರ್. ಮಾಮೂಲಿ ಪಿವಿಸಿ ಇನ್ಸುಲೇಷನ್ ಟೇಪು ಬೇಡ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಬಿಸಿಲಿಗೆ ನಿಂತ ಕಾರಿನೊಳಗೆ ಅದರ ಅಂಟು ಕರಗಿ, ಟೇಪು ತಾನೇ ಬಿಚ್ಚಿಕೊಳ್ಳುತ್ತದೆ.

ಪ್ಯಾನೆಲ್ ಬಿಚ್ಚುವ ಮೊದಲೇ ಎಲ್ಲವನ್ನೂ ಸೀಟಿನ ಮೇಲಿಟ್ಟು ಜೋಡಿಸಿ ನೋಡಿ. ಸ್ಟೀರಿಯೊ ಹೊರಗೆಳೆದು ಆರ್‌ಸಿಎ ಚುಚ್ಚಿ, ಕ್ಯಾಮೆರಾಗೆ ಫ್ಯೂಸಿನ ಮೂಲಕ 12 ವೋಲ್ಟ್ ಕೊಟ್ಟು, ಅದೇ 12 ವೋಲ್ಟನ್ನು ಸ್ಟೀರಿಯೊದ ರಿವರ್ಸ್ ವೈರಿಗೂ ತಾಗಿಸಿದರೆ ಚಿತ್ರ ಬರಬೇಕು. ಕೇಬಲ್ಲು ಸತ್ತಿದ್ದರೆ, ಫಾರ್ಮ್ಯಾಟ್ ಹೊಂದದಿದ್ದರೆ ಈಗಲೇ ಗೊತ್ತಾಗುತ್ತದೆ. ಕ್ಯಾಮೆರಾ ವೈರಿನಲ್ಲಿ ಹಸಿರು, ಬಿಳಿ ಬಣ್ಣದ ಪುಟ್ಟ ಕುಣಿಕೆಗಳಿದ್ದರೆ ಅವನ್ನೂ ಈ ಹಂತದಲ್ಲೇ ತೀರ್ಮಾನಿಸಿ. ಒಂದನ್ನು ಕತ್ತರಿಸಿದರೆ ಚಿತ್ರದ ಎಡಬಲ ತಿರುಗುತ್ತದೆ, ಇನ್ನೊಂದನ್ನು ಕತ್ತರಿಸಿದರೆ ದೂರದ ಅಂದಾಜು ಕೊಡುವ ಗೈಡ್ ಗೆರೆಗಳು ಹೋಗುತ್ತವೆ ಅಥವಾ ಬರುತ್ತವೆ. ಯಾವ ಬಣ್ಣ ಯಾವುದಕ್ಕೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ, ಆದ್ದರಿಂದ ಪೆಟ್ಟಿಗೆಯ ಚೀಟಿ ಓದದೆ ಕತ್ತರಿ ಹಾಕಬೇಡಿ. ಕಾರಿನ ಎಡಕ್ಕಿರುವ ವಸ್ತು ಪರದೆಯಲ್ಲೂ ಎಡಕ್ಕೇ ಕಾಣಬೇಕು, ಒಳಗಿನ ಕನ್ನಡಿಯಲ್ಲಿ ಕಾಣುವ ಹಾಗೆ.

ಹಿಂಬಾಗಿಲು ಮತ್ತು ರಬ್ಬರ್ ಕೊಳವೆ

ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಹಳದಿ ಹೊದಿಕೆಯ ವೈರು, ಹಳದಿ ಕನೆಕ್ಟರ್ ಎಲ್ಲಿ ಕಂಡರೂ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ, ಮಲ್ಟಿಮೀಟರನ್ನೂ ಇಡಬೇಡಿ.

ಹಿಂಬಾಗಿಲಿನ ಒಳ ಪ್ಯಾನೆಲ್ ಒಂದೆರಡು ಸ್ಕ್ರೂ ಮತ್ತು ಪ್ಲಾಸ್ಟಿಕ್ ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ಕ್ಲಿಪ್ಪಿನ ಪಕ್ಕದಲ್ಲೇ ಟೂಲು ತೂರಿಸಿ ಎಳೆಯಿರಿ, ಮಧ್ಯದಲ್ಲಿ ಹಿಡಿದೆಳೆದರೆ ಪ್ಯಾನೆಲ್ ಬಾಗಿ ಬಿಳಿಗೆರೆ ಬೀಳುತ್ತದೆ. ಒಳಗೆ ನಂಬರ್ ಪ್ಲೇಟ್ ದೀಪದ ಹಿಂಬದಿ ಕಾಣುತ್ತದೆ. ಕ್ಯಾಮೆರಾದ ವೈರ್ ಒಳಗೆ ಬರಲು ಆ ದೀಪದ ಪಕ್ಕದ ಸಂದು ಸಾಮಾನ್ಯವಾಗಿ ಸಾಕು. ಸಾಲದಿದ್ದರೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಮಾತ್ರ ತೂತು ಮಾಡಿ. ತಗಡಿನಲ್ಲಿ ಮಾಡಲೇಬೇಕಾಗಿ ಬಂದರೆ ಅಂಚಿಗೆ ಪ್ರೈಮರ್ ಹಚ್ಚಿ, ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಬರೀ ತಗಡಿನ ಅಂಚು ವೈರನ್ನು ಸೀಳುತ್ತದೆ, ಕರಾವಳಿ ಮಲೆನಾಡಿನ ಗಾಳಿಯಲ್ಲಿ ಆ ತೂತಿನ ಸುತ್ತ ತುಕ್ಕೂ ಬೇಗ ಹಿಡಿಯುತ್ತದೆ.

ಈಗ ಬಾಗಿಲಿಗೂ ಬಾಡಿಗೂ ನಡುವೆ ಇರುವ ಮಡಿಕೆ ಮಡಿಕೆ ರಬ್ಬರ್ ಕೊಳವೆ. ಕೆಲಸ ಬೇಗ ಮುಗಿಸುವವರು ವೈರನ್ನು ಅದರ ಹೊರಗಿನಿಂದ, ಬಾಗಿಲಿನ ಬೀಡಿಂಗ್ ಮೇಲಿಂದ ಹಾಯಿಸಿಬಿಡುತ್ತಾರೆ. ಪ್ರತಿ ಸಲ ಬಾಗಿಲು ಹಾಕಿದಾಗಲೂ ವೈರ್ ಜಜ್ಜಿ ಹೋಗುತ್ತದೆ, ಬೀಡಿಂಗ್ ಎದ್ದ ಜಾಗದಲ್ಲಿ ನೀರು ಜಿನುಗುತ್ತದೆ. ಕೊಳವೆಯೊಳಗಿಂದಲೇ ಹೋಗಬೇಕು.

ಕೊಳವೆಯ ಎರಡೂ ತುದಿಯನ್ನು ಅದು ಕೂತ ತೂತಿನಿಂದ ಬಿಡಿಸಿ. ಬೆರಳಿಂದ ಒಂದು ಅಂಚನ್ನು ಒಳಗೆ ಒತ್ತಿ ಹೊರಕ್ಕೆಳೆದರೆ ಬರುತ್ತದೆ. ಕೆಲವದರಲ್ಲಿ ಒಳಗೊಂದು ಗಟ್ಟಿ ಪ್ಲಾಸ್ಟಿಕ್ ಕೊರಳಿರುತ್ತದೆ, ಅದರ ಕಚ್ಚನ್ನು ಮೊದಲು ಒತ್ತಬೇಕು. ಜಿ.ಐ. ತಂತಿಯ ತುದಿಯನ್ನು ಮಡಿಸಿ ಗುಂಡಗೆ ಮಾಡಿ, ಟೇಪು ಸುತ್ತಿ, ಬಾಡಿ ಕಡೆಯಿಂದ ಬಾಗಿಲ ಕಡೆಗೆ ನೂಕಿ. ಚೂಪು ತುದಿ ಒಳಗಿರುವ ಮೂಲ ವೈರುಗಳ ಸಿಪ್ಪೆ ಕೆರೆಯುತ್ತದೆ. ಜಾರಲು ಸೋಪಿನ ನೀರು ಅಥವಾ ಸಿಲಿಕೋನ್ ಸ್ಪ್ರೇ ಸಾಕು. ಗ್ರೀಸು, ಎಂಜಿನ್ ಆಯಿಲ್ ಬೇಡ, ಈ ರಬ್ಬರ್ ಎಣ್ಣೆ ಕುಡಿದು ಊದಿಕೊಳ್ಳುತ್ತದೆ. ಆರ್‌ಸಿಎ ಪ್ಲಗ್ ದಪ್ಪ, ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಕ್ಯಾಮೆರಾದ ವೈರಿನ ತುದಿಗಳನ್ನು ಒಂದರ ಹಿಂದೆ ಒಂದು ಬರುವಂತೆ ಇಟ್ಟು, ಟೇಪಿನಿಂದ ತಂತಿಗೆ ಬಿಗಿದು, ಬಾಗಿಲಿಂದ ಬಾಡಿಯತ್ತ ನಿಧಾನಕ್ಕೆ ಎಳೆಯಿರಿ. ಆರ್‌ಸಿಎ ಕೇಬಲ್ ಬಾಡಿಯೊಳಗೇ ಉಳಿಯಲಿ, ಜೋಡಣೆ ಅಲ್ಲಿ ಆಗಲಿ. ಕ್ಯಾಮೆರಾ ವೈರ್ ಅಲ್ಲಿಯವರೆಗೆ ಮುಟ್ಟದಿದ್ದರೆ ಮಾತ್ರ ಬಾಗಿಲೊಳಗೆ.

ಬಾಗಿಲು ಪೂರ್ತಿ ಮೇಲೆತ್ತಿದಾಗ ಕೊಳವೆಯೊಳಗಿನ ವೈರ್ ಬಿಗಿಯಾಗದಷ್ಟು, ಅಂದರೆ ಎರಡು ಮೂರು ಸೆಂ.ಮೀ. ಸಡಿಲ ಬಿಡಿ. ಬಾಗಿಲನ್ನು ಹತ್ತಾರು ಸಲ ಎತ್ತಿ ಇಳಿಸಿ ನೋಡಿದ ಮೇಲೆ ಕೊಳವೆಯ ಅಂಚನ್ನು ಮತ್ತೆ ಕೂರಿಸಿ, ಸುತ್ತಲೂ ಬೆರಳಾಡಿಸಿ. ಒಂದು ಕಡೆ ಮಡಚಿಕೊಂಡಿದ್ದರೂ ಮಳೆನೀರು ಛಾವಣಿಯ ಲೈನಿಂಗಿಗೆ ಇಳಿದು, ಪಿಲ್ಲರ್ ಹಿಡಿದು, ಸ್ಟೆಪ್ನಿ ಗುಂಡಿಯಲ್ಲಿ ನಿಲ್ಲುತ್ತದೆ. ಪೈಪಿನಿಂದ ಐದು ನಿಮಿಷ ನೀರು ಬಿಟ್ಟು ಸ್ಟೆಪ್ನಿ ಎತ್ತಿ ನೋಡುವುದು ಒಳ್ಳೆಯದು.

ರಿವರ್ಸ್ ವೈರ್ ಹುಡುಕಿ ಜೋಡಿಸುವುದು

ಟೈಲ್ ಲ್ಯಾಂಪ್ ಬಿಚ್ಚಿ. ಬಾಗಿಲು ತೆರೆದಾಗ ಅಂಚಿನಲ್ಲಿ ಕಾಣುವ ಬೋಲ್ಟು ಅಥವಾ ಸ್ಕ್ರೂ ತೆಗೆದು ನೇರ ಹಿಂದಕ್ಕೆ ಎಳೆದರೆ ಬರುತ್ತದೆ, ಪಕ್ಕಕ್ಕೆ ತಿರುಚಿದರೆ ಪ್ಲಾಸ್ಟಿಕ್ ಗೂಟ ಮುರಿಯುತ್ತದೆ. ಕೆಲವು ಸಣ್ಣ ಕಾರುಗಳಲ್ಲಿ ರಿವರ್ಸ್ ಬಲ್ಬು ಒಂದೇ ಬದಿಗೆ ಇರುತ್ತದೆ, ಯಾವ ಕಡೆ ಎಂದು ಮೊದಲೇ ನೋಡಿಕೊಳ್ಳಿ.

ಬ್ಯಾಟರಿ ಮತ್ತೆ ಜೋಡಿಸಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಇರುವಾಗಲೇ ಇಗ್ನಿಷನ್ ಆನ್ ಮಾಡಿ ರಿವರ್ಸ್ ಹಾಕಿ. ಮಲ್ಟಿಮೀಟರ್ 20 ವೋಲ್ಟ್ ಡಿಸಿಯಲ್ಲಿರಲಿ, ಕಪ್ಪು ಕಡ್ಡಿ ಬಾಡಿಯ ಬರಿ ಲೋಹಕ್ಕೆ. 12ರ ಆಸುಪಾಸು ತೋರಿಸಿದ ವೈರು ಗೇರ್ ತೆಗೆದ ಕೂಡಲೇ ಸೊನ್ನೆಗೆ ಇಳಿಯಬೇಕು. ಇಷ್ಟಕ್ಕೇ ನಂಬಬೇಡಿ. ಪಾರ್ಕ್ ಲೈಟು, ಇಂಡಿಕೇಟರ್, ಬ್ರೇಕ್ ಒಂದೊಂದಾಗಿ ಹಾಕಿ, ಆಗಲೂ ಸೊನ್ನೆಯೇ ಇದ್ದರೆ ಅದೇ ರಿವರ್ಸ್ ವೈರು. ಎಎಂಟಿ (ಕ್ಲಚ್ ಪೆಡಲ್ ಇಲ್ಲದ ಆಟೊಮ್ಯಾಟಿಕ್) ಕಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ರಿವರ್ಸ್ ಹಾಕಬೇಕಾದ್ದರಿಂದ ಬ್ರೇಕ್ ವೈರನ್ನೇ ರಿವರ್ಸ್ ಎಂದುಕೊಂಡು ಜೋಡಿಸಿದ ಉದಾಹರಣೆಗಳು ಬೇಕಾದಷ್ಟಿವೆ: ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಪರದೆಯಲ್ಲಿ ಹಿಂದಿನ ಆಟೊ ಕಾಣುತ್ತದೆ.

ಜೋಡಿಸುವಾಗ ಬ್ಯಾಟರಿ ಮತ್ತೆ ತೆಗೆಯಿರಿ. ಒತ್ತಿದರೆ ಕಚ್ಚುವ ಪ್ಲಾಸ್ಟಿಕ್ ಟ್ಯಾಪ್ ಸುಲಭ, ಆದರೆ ಅದರ ಬ್ಲೇಡು ಎಳೆಗಳನ್ನು ಕಡಿಯುತ್ತದೆ, ತೇವ ಸೇರಿ ಹಸಿರು ಕಿಲುಬು ಹಿಡಿಯುತ್ತದೆ. ಬದಲಿಗೆ ಮೂಲ ವೈರಿನ ಸಿಪ್ಪೆಯನ್ನು ಒಂದು ಸೆಂ.ಮೀ. ಮಾತ್ರ ಸರಿಸಿ, ವೈರ್ ಕತ್ತರಿಸದೆ, ಎಳೆಗಳ ನಡುವೆ ಸಂದು ಮಾಡಿ ಹೊಸ ವೈರ್ ತೂರಿಸಿ ಸುತ್ತಿ, ಸೋಲ್ಡರ್ ಹಾಕಿ, ಬಟ್ಟೆ ಟೇಪು ಬಿಗಿಯಿರಿ. ವಾರಂಟಿ ಇರುವ ಕಾರಿಗೆ ಮೂಲ ವೈರ್ ಮುಟ್ಟಿದರೆ ಎಲೆಕ್ಟ್ರಿಕಲ್ ಕ್ಲೇಮಿಗೆ ತಕರಾರು ಬರಬಹುದು. ಅಂಥ ಕಾರಿಗೆ ಲ್ಯಾಂಪಿನ ಕಪ್ಲರಿಗೆ ಹೊಂದುವ ಗಂಡು ಹೆಣ್ಣು ಜೋಡಿಯ ಮಧ್ಯಂತರ ಕೇಬಲ್ ತಂದು ಅದರಲ್ಲಿ ಜಾಯಿಂಟು ಮಾಡಿ.

ಜಾಯಿಂಟಿನಿಂದ ಗೇಣುದ್ದದೊಳಗೆ 1 ಆಂಪ್ ಫ್ಯೂಸ್ ಬರಲಿ. ಕ್ಯಾಮೆರಾ ಎಳೆಯುವುದು ಆಂಪಿನ ಒಂದು ಚೂರು ಮಾತ್ರ, ಆದರೂ ಫ್ಯೂಸ್ ಬೇಕು. ಕಾರಿನ ಫ್ಯೂಸು 10 ಅಥವಾ 15 ಆಂಪಿನದು. ಕ್ಯಾಮೆರಾದ ಕೂದಲೆಳೆ ವೈರ್ ಎಲ್ಲೋ ಬಾಡಿಗೆ ತಾಗಿದರೆ ಆ ಫ್ಯೂಸ್ ಹೋಗುವ ಮುನ್ನವೇ ವೈರ್ ಕರಗುತ್ತದೆ. ಫ್ಯೂಸ್ ದಾಟಿದ ಮೇಲೆ ಎರಡು ಕವಲು: ಒಂದು ಕ್ಯಾಮೆರಾದ ಕೆಂಪಿಗೆ, ಇನ್ನೊಂದು ಆರ್‌ಸಿಎ ಕೇಬಲಿನ ತೆಳು ಕೆಂಪು ಟ್ರಿಗರಿಗೆ. ಕ್ಯಾಮೆರಾದ ಕಪ್ಪನ್ನು ಲ್ಯಾಂಪಿನ ಅರ್ಥ್ ವೈರಿಗೆ ಸೇರಿಸದೆ, ಹತ್ತಿರದ ಬಾಡಿ ಬೋಲ್ಟಿನ ಕೆಳಗೆ ಬಣ್ಣ ಕೆರೆದು ರಿಂಗ್ ಟರ್ಮಿನಲ್ ಹಾಕಿ ಬಿಗಿಯಿರಿ. ಲ್ಯಾಂಪಿನ ಅರ್ಥ್ ಸ್ವಲ್ಪ ಸಡಿಲವಿದ್ದರೂ ಇಂಡಿಕೇಟರ್ ಮಿನುಗಿದಂತೆ ಚಿತ್ರವೂ ಮಿನುಗುತ್ತದೆ.

ಒಳಗಿನ ದಾರಿ

ಕೇಬಲ್ಲನ್ನು ಎಡಬದಿಯಿಂದ, ಅಂದರೆ ಪಕ್ಕದ ಸೀಟಿನ ಕಡೆಯಿಂದ ಒಯ್ಯಿರಿ. ಡ್ರೈವರ್ ಕಡೆ ಜೋತು ಬಿದ್ದ ವೈರ್ ಪೆಡಲಿಗೆ ಸಿಕ್ಕಿಕೊಳ್ಳುವ ಅಪಾಯ ಉಂಟು. ಡಿಕ್ಕಿಯ ಪಕ್ಕದ ಪ್ಯಾನೆಲ್, ಹಿಂದಿನ ಸೀಟಿನ ಬದಿ, ಬಾಗಿಲುಗಳ ಕೆಳಗಿನ ಹೊಸ್ತಿಲ ಪಟ್ಟಿ, ಮುಂದೆ ಕಾಲಿಡುವ ಮೂಲೆ, ಗ್ಲವ್ ಬಾಕ್ಸ್ ಹಿಂಬದಿ, ಸ್ಟೀರಿಯೊ. ಇಷ್ಟೇ. ಸೀಟ್ ಬೆಲ್ಟ್ ಸುತ್ತುವ ರೀಲಿನಿಂದ ದೂರವಿರಿ. ಕಿಟಕಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಪಿಲ್ಲರಿನ ಮೇಲ್ಭಾಗ, ಛಾವಣಿಯ ಅಂಚು ನಿಷಿದ್ಧ. ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೆ ಅಡ್ಡ ಒಂದು ವೈರೂ ಇರಕೂಡದು. ಕೈಗೆಟುಕುವಲ್ಲೆಲ್ಲ ಮೂಲ ಹಾರ್ನೆಸ್ಸಿಗೆ ಕೇಬಲ್ ಟೈ ಹಾಕಿ. ಉಳಿದ ಕೇಬಲನ್ನು ಸ್ಟೀರಿಯೊ ಹಿಂದೆ ತುರುಕದೆ ಡಿಕ್ಕಿ ಪ್ಯಾನೆಲಿನೊಳಗೆ ಮಡಚಿ ಕಟ್ಟಿ. ಸ್ಟೀರಿಯೊ ಹಿಂದೆ ಜಾಗವೂ ಇಲ್ಲ, ಬಿಸಿಯೂ ಹೆಚ್ಚು.

ಸ್ಟೀರಿಯೊ ಹಿಂದೆ ಹಳದಿ ಸಾಕೆಟ್ಟುಗಳು ಎರಡು ಮೂರು ಇರುತ್ತವೆ. ‘ಕ್ಯಾಮ್ ಇನ್’ ಅಥವಾ ‘ರಿಯರ್ ವ್ಯೂ’ ಎಂದಿರುವುದಕ್ಕೆ ಚುಚ್ಚಬೇಕು, ‘ವಿಡಿಯೊ ಔಟ್’ಗೆ ಅಲ್ಲ. ಟ್ರಿಗರ್ ವೈರು ‘ಬ್ಯಾಕ್’ ಅಥವಾ ‘ರಿವರ್ಸ್’ ಎಂಬ ಚೀಟಿಯಿರುವ ವೈರಿಗೆ. ಬಣ್ಣ ನಂಬಬೇಡಿ, ಚೀಟಿ ನಂಬಿ. ಟ್ರಿಗರನ್ನು ಎಸಿಸಿ ವೈರಿಗೋ (ಕೀ ತಿರುಗಿಸಿದಾಗ ಸ್ಟೀರಿಯೊಗೆ ಕರೆಂಟು ತರುವುದು) ಆಂಪ್ಲಿಫೈಯರ್ ಕಂಟ್ರೋಲ್ ವೈರಿಗೋ ಸೇರಿಸಿದರೆ ಕರೆಂಟು ಹಿಮ್ಮುಖವಾಗಿ ಹರಿದು 21 ವ್ಯಾಟಿನ ರಿವರ್ಸ್ ಬಲ್ಬನ್ನು ಉರಿಸಲು ಹೋಗುತ್ತದೆ. ಫ್ಯೂಸ್ ಹಾಕಿದ್ದರೆ ಅದು ಹಾರುತ್ತದೆ. ಹಾಕದಿದ್ದರೆ ಹಾಡು ಹಚ್ಚಿದಾಗಲೆಲ್ಲ ಹಿಂದೆ ಬಿಳಿ ದೀಪ.

ಕೋನ ಮತ್ತು ಗೆರೆ

ಚಿತ್ರದ ತಳದಲ್ಲಿ ಬಂಪರಿನ ಅಂಚು ಬೆರಳಗಲ ಕಾಣುವಷ್ಟು ಕ್ಯಾಮೆರಾ ಬಾಗಿಸಿ. ಅದು ಕಾಣದಿದ್ದರೆ ನಿಮ್ಮ ಕಾರು ಎಲ್ಲಿ ಮುಗಿಯುತ್ತದೆ ಎಂಬ ಅಂದಾಜೇ ಸಿಗುವುದಿಲ್ಲ. ಅಗಲ ಕೋನದ ಲೆನ್ಸು ಎಲ್ಲವನ್ನೂ ದೂರ ತೋರಿಸುತ್ತದೆ. ಆದ್ದರಿಂದ ಸಮತಟ್ಟು ನೆಲದಲ್ಲಿ ಬಂಪರಿನಿಂದ ಅರ್ಧ, ಒಂದು ಮತ್ತು ಎರಡು ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆದು, ಪರದೆಯ ಕೆಂಪು, ಹಳದಿ, ಹಸಿರು ಗೆರೆಗಳು ಎಲ್ಲಿ ಬೀಳುತ್ತವೆ ನೋಡಿ. ಸ್ಟೀರಿಯೊ ಸೆಟ್ಟಿಂಗಿನಲ್ಲಿ ಸರಿಸಲು ಬಂದರೆ ಸರಿಸಿ. ಬರದಿದ್ದರೆ ಕೆಂಪು ಎಂದರೆ ನಿಜವಾಗಿ ಎಷ್ಟು ದೂರ ಎಂದು ನೆನಪಿಟ್ಟುಕೊಳ್ಳಿ. ಇಳಿಜಾರಿನಲ್ಲಿ ಈ ಲೆಕ್ಕ ಹೊಂದುವುದಿಲ್ಲ.

ಕೈಕೊಟ್ಟಾಗ

ರಿವರ್ಸ್ ಹಾಕಿದರೆ ಪರದೆ ಬದಲಾಗುತ್ತದೆ, ಚಿತ್ರ ಮಾತ್ರ ಇಲ್ಲ ಎಂದರೆ ಟ್ರಿಗರ್ ಸರಿಯಿದೆ. ಕ್ಯಾಮೆರಾದ ತುದಿಯಲ್ಲಿ 12 ವೋಲ್ಟ್ ಇದೆಯೇ ನೋಡಿ, ಇದ್ದರೆ ಸೆಟ್ಟಿಂಗಿನಲ್ಲಿ ಸಿವಿಬಿಎಸ್, ಎಎಚ್‌ಡಿ 25, ಎಎಚ್‌ಡಿ 30 ಒಂದೊಂದಾಗಿ ಬದಲಿಸಿ. ಪರದೆ ಬದಲಾಗುವುದೇ ಇಲ್ಲ ಎಂದರೆ ಟ್ರಿಗರ್ ವೈರನ್ನು ಮುಂದಿನ ತುದಿಯಲ್ಲಿ ಅಳೆಯಿರಿ. ಚಿತ್ರ ಕಪ್ಪುಬಿಳುಪಾಗಿ ಉರುಳುತ್ತಿದ್ದರೆ ಪಾಲ್, ಎನ್‌ಟಿಎಸ್‌ಸಿ ಎಂಬ ಎರಡು ವಿಡಿಯೊ ಪದ್ಧತಿಗಳ ಆಯ್ಕೆ ಅದಲುಬದಲಾಗಿದೆ.

ಎಂಜಿನ್ ಆಫ್ ಇದ್ದಾಗ ಚೆನ್ನಾಗಿದ್ದು, ಸ್ಟಾರ್ಟ್ ಆದೊಡನೆ ಅಡ್ಡ ಪಟ್ಟೆಗಳು ಏರಿ ಇಳಿದರೆ ಅದು ಅರ್ಥಿನ ದೋಷ. ಮೊದಲು ಬೋಲ್ಟು ಮತ್ತೆ ಕೆರೆದು ಬಿಗಿಯಿರಿ. ಹೋಗದಿದ್ದರೆ ಆರ್‌ಸಿಎ ಮಧ್ಯೆ ವಿಡಿಯೊ ಗ್ರೌಂಡ್ ಲೂಪ್ ಐಸೊಲೇಟರ್ (ಅರ್ಥಿನ ಮೂಲಕ ಬರುವ ಗದ್ದಲ ತಡೆಯುವ ಪುಟ್ಟ ಸಾಧನ) ಹಾಕಿ. ಎಂಜಿನ್ ಆಫ್ ಇದ್ದಾಗಲೂ ಚಿತ್ರ ಒಂದೇ ಸಮ ಮಿಣಮಿಣ ಎನ್ನುತ್ತಿದ್ದರೆ ರಿವರ್ಸ್ ಬಲ್ಬಿಗೆ ಬಿಟ್ಟು ಬಿಟ್ಟು ಕರೆಂಟು ಬರುತ್ತಿರಬಹುದು. ಬಾಡಿ ಕಂಪ್ಯೂಟರ್ ಮೂಲಕ ದೀಪ ನಡೆಸುವ ಕಾರುಗಳಲ್ಲಿ, ಮುಖ್ಯವಾಗಿ ಯುರೋಪಿಯನ್ ಬ್ರ್ಯಾಂಡುಗಳಲ್ಲಿ ಇದು ಮಾಮೂಲು. 12 ವೋಲ್ಟಿನ ಕ್ಯಾಮೆರಾ ಫಿಲ್ಟರ್ ಸೇರಿಸಿದರೆ ನಿಲ್ಲುತ್ತದೆ.

ರಾತ್ರಿ ಮಾತ್ರ ಪರದೆಯ ಮೇಲ್ಭಾಗ ಬೆಳ್ಳಗೆ ಮಂಜಾದರೆ ನಂಬರ್ ಪ್ಲೇಟಿನ ದೀಪ ಲೆನ್ಸಿಗೆ ಹೊಡೆಯುತ್ತಿದೆ. ಕ್ಯಾಮೆರಾವನ್ನು ದೀಪದಿಂದ ಒಂದೆರಡು ಇಂಚು ಸರಿಸಿ, ಅದಕ್ಕೆ ಜಾಗವಿಲ್ಲದಿದ್ದರೆ ಬ್ರಾಕೆಟ್ಟಿನ ಆ ಬದಿಗೆ ಕಪ್ಪು ರಬ್ಬರಿನ ಪುಟ್ಟ ಮರೆ ಅಂಟಿಸಿ. ಹಗಲಲ್ಲೂ ಮಂಜು, ಒರೆಸಿದರೂ ಹೋಗದು ಎಂದರೆ ನೀರು ಲೆನ್ಸಿನ ಒಳಗೆ ಸೇರಿದೆ. ಅದನ್ನು ಬಿಚ್ಚಿ ಒಣಗಿಸುವ ಸಾಹಸ ಬೇಡ, ಕ್ಯಾಮೆರಾ ಬದಲಿಸಿ. ವೈರಿಂಗ್ ಹೇಗಿದ್ದರೂ ಹಾಗೇ ಇರುತ್ತದೆ, ಅದೇ ಮಾದರಿಯ ಪ್ಲಗ್ಗಿನದನ್ನೇ ತಂದರೆ ಕೊಳವೆಯವರೆಗಿನ ಕೆಲಸ ಮಾತ್ರ ಮತ್ತೊಮ್ಮೆ.