ಪಿಕಪ್‌ನಲ್ಲಿ ಹಾಡು ಚೆನ್ನಾಗಿ ಕೇಳಬೇಕೇ? ಮೊದಲು ಬಾಗಿಲು ಬಿಚ್ಚಿ

ರಾತ್ರಿ ಲೋಡು ಹಾಕಿಸಿಕೊಂಡು ಹೊರಟು ನಸುಕಿಗೆ ಮಾರುಕಟ್ಟೆ ಮುಟ್ಟುವ ಪಿಕಪ್ ಚಾಲಕರಿಗೆ ಪಕ್ಕದ ಸೀಟಿನಲ್ಲಿ ಮಾತಿಗೆ ಯಾರೂ ಇರುವುದಿಲ್ಲ. ಜತೆಗಿರುವುದು ಹಾಡು. ಅದೂ ಎಂಜಿನ್ ಸದ್ದಿನಲ್ಲಿ ಮುಳುಗಿದರೆ ವಾಲ್ಯೂಮ್ ಏರಿಸುತ್ತಾರೆ, ಸ್ಪೀಕರ್ ಚರಚರ ಎನ್ನುತ್ತದೆ. ಕೊನೆಗೆ ಅಂಗಡಿಗೆ ಹೋಗಿ ಸೀಟಿನ ಹಿಂದೆ ಬೇಸ್ ಸದ್ದಿನ ದೊಡ್ಡ ಸ್ಪೀಕರ್, ಅಂದರೆ ವೂಫರ್, ಕೂರಿಸಿಕೊಂಡು ಬರುತ್ತಾರೆ. ಧಡಧಡ ಹೆಚ್ಚುತ್ತದೆ, ಹಾಡಿನ ಪದ ಮಾತ್ರ ಮೊದಲಿನಂತೆಯೇ ಕೇಳಿಸುವುದಿಲ್ಲ. ಸುಮಾರು ಐದು ಸಾವಿರ ರೂಪಾಯಿಯಲ್ಲಿ ಇದಕ್ಕಿಂತ ಚೆನ್ನಾಗಿ ಮಾಡಬಹುದು. ನಮ್ಮ ಚಿಕ್ಕಪ್ಪನ ಗಾಡಿಗೆ ನಾನೇ ಕೂತು ಮಾಡಿದ ಕೆಲಸ, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ.

ಕಾಸಿಲ್ಲದ ಕೆಲಸ ಮೊದಲು

ಪೆನ್‌ಡ್ರೈವ್ ತೆಗೆದು ನೋಡಿ. ಒಂದೇ ಪೆನ್‌ಡ್ರೈವಿಗೆ ಸಾವಿರಾರು ಹಾಡು ತುಂಬಲು ಫೈಲುಗಳನ್ನು 64 ಕೆಬಿಪಿಎಸ್‌ಗೆ (ಒಂದು ಸೆಕೆಂಡಿನ ಹಾಡಿಗೆ ಇಡುವ ಡೇಟಾದ ಅಳತೆ) ಹಿಂಡಿರುತ್ತಾರೆ. ಅದರಲ್ಲಿ ತಾಳ, ಗೆಜ್ಜೆಯ ಸದ್ದೆಲ್ಲ ಸವೆದುಹೋಗಿರುತ್ತದೆ. ಎಷ್ಟು ಬೆಲೆಯ ಸ್ಪೀಕರ್ ಹಾಕಿದರೂ ಹೋದದ್ದು ಮರಳಿ ಬರುವುದಿಲ್ಲ. ಅದೇ ಹಾಡನ್ನು 192 ಅಥವಾ 320 ಕೆಬಿಪಿಎಸ್‌ನಲ್ಲಿ ಹಾಕಿಕೊಂಡು ಒಂದು ದಿನ ಕೇಳಿ. ಡೆಕ್‌ನ, ಅಂದರೆ ಗಾಡಿಯ ಮ್ಯೂಸಿಕ್ ಪ್ಲೇಯರಿನ, ಬೇಸ್ ಮತ್ತು ಲೌಡ್‌ನೆಸ್ ಎರಡನ್ನೂ ಸೊನ್ನೆಗೆ ತನ್ನಿ. ಚರಚರ ಅಲ್ಲಿಗೇ ನಿಂತರೆ ಸ್ಪೀಕರ್ ಇನ್ನೂ ಕೆಟ್ಟಿಲ್ಲ.

ಟಾಟಾ ಏಸ್, ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್‌ನಂಥ ಗಾಡಿಗಳದ್ದು 12 ವೋಲ್ಟ್. ಕಾರಿನ ಸಾಮಾನು ನೇರವಾಗಿ ಹೊಂದುತ್ತದೆ. ದೊಡ್ಡ ಲಾರಿಗಳದ್ದು 24 ವೋಲ್ಟ್. ಅದಕ್ಕೆ ಕಾರಿನ ಡೆಕ್ ಹಾಗೇ ಕೊಟ್ಟರೆ ಸುಟ್ಟುಹೋಗುತ್ತದೆ.

ಸ್ಪೀಕರ್: ಸಣ್ಣ ಅಕ್ಷರ ಓದಿ

ಬಜೆಟ್ಟಿನ ಅರ್ಧ ಭಾಗ ಸ್ಪೀಕರಿಗೆ ಇಡಿ. ಎರಡೇ ಬಾಗಿಲಿನ ಗಾಡಿಗೆ ಒಂದು ಜೋಡಿ ಸಾಕು. ನಡುವೆ ಪುಟ್ಟ ಟ್ವೀಟರ್ (ತಾರಕದ ಸದ್ದಿನ ಸ್ಪೀಕರ್) ಇರುವ ಕೋಆಕ್ಸಿಯಲ್ ಸ್ಪೀಕರ್ ಕೇಳಿ ತೆಗೆದುಕೊಳ್ಳಿ.

ಡಬ್ಬದ ಮೇಲೆ ದಪ್ಪಗೆ ಬರೆದ 300 ವ್ಯಾಟ್‌ಗೆ ಮರುಳಾಗಬೇಡಿ. ‘4×50 ವ್ಯಾಟ್’ ಎನ್ನುವ ಡೆಕ್ ಕೂಡ ನಿಜವಾಗಿ ಒಂದೊಂದು ಸ್ಪೀಕರಿಗೆ ಕೊಡುವುದು 15ರಿಂದ 20 ವ್ಯಾಟ್. ಎಂಜಿನ್ ಓಡುವಾಗ ಸಿಗುವ 14 ವೋಲ್ಟ್‌ನಿಂದ 4 ಓಮ್ ಸ್ಪೀಕರಿಗೆ ಅದಕ್ಕಿಂತ ಹೆಚ್ಚು ಸ್ವಚ್ಛವಾಗಿ ಹಿಂಡಲಾಗದು. ಆದ್ದರಿಂದ ನೋಡಬೇಕಾದ ಅಂಕಿ ಸೆನ್ಸಿಟಿವಿಟಿ. ಇಷ್ಟು ವಿದ್ಯುತ್ತಿಗೆ ಎಷ್ಟು ಸದ್ದು ಎಂಬ ಲೆಕ್ಕ ಅದು, ಡೆಸಿಬಲ್‌ನಲ್ಲಿ ಇರುತ್ತದೆ. 3 ಡೆಸಿಬಲ್ ಹೆಚ್ಚಿದ್ದರೆ ಆಂಪ್ಲಿಫೈಯರಿನ ಶಕ್ತಿ ಎರಡು ಪಟ್ಟು ಮಾಡಿದಷ್ಟೇ ಲಾಭ. ಅಂದರೆ 88 ಡೆಸಿಬಲ್‌ನ ಸ್ಪೀಕರ್ 30 ವ್ಯಾಟ್ ತಿಂದು ಮಾಡುವ ಸದ್ದನ್ನು 91ರದ್ದು 15 ವ್ಯಾಟ್‌ನಲ್ಲಿ ಮಾಡುತ್ತದೆ. ಬೇರೆ ಆಂಪ್ ಕೊಳ್ಳುವ ದುಡ್ಡು ಉಳಿಯುವುದು ಇಲ್ಲಿಯೇ.

ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಿ, ನಿಮ್ಮೂರ ಅಂಗಡಿಗೇ ಹೋಗಿ, ಎರಡು ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಂದು, ಬಾಗಿಲಿನ ತೂತಿನ ಅಗಲ. ಇನ್ನೊಂದು, ಗಾಜನ್ನು ಪೂರ್ತಿ ಇಳಿಸಿದಾಗ ತೂತಿನಿಂದ ಗಾಜಿನವರೆಗೆ ಇರುವ ಆಳ. ಎರಡನೆಯದನ್ನು ಮರೆತರೆ ಸ್ಪೀಕರಿನ ಮ್ಯಾಗ್ನೆಟ್ ಗಾಜಿಗೆ ಬಡಿಯುತ್ತದೆ.

ಬಾಗಿಲೇ ಪೆಟ್ಟಿಗೆ

ಇಡೀ ಕೆಲಸದಲ್ಲಿ ನಿಧಾನ ಬೇಡುವುದು ಇದೊಂದೇ. ಅವಸರದಲ್ಲಿ ಅಂಗಡಿಯವರು ಸಾಮಾನ್ಯವಾಗಿ ಬಿಟ್ಟುಬಿಡುವುದೂ ಇದನ್ನೇ.

ಸ್ಪೀಕರಿನ ಕೋನ್, ಅಂದರೆ ಅದುರುವ ಪೊರೆ, ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತದೆ. ಸುತ್ತ ಸಂದು ಇದ್ದರೆ ಮುಂದಿನ ಸದ್ದೂ ಹಿಂದಿನ ಸದ್ದೂ ಸೇರಿ ಒಂದನ್ನೊಂದು ಅಳಿಸುತ್ತವೆ. ಮೊದಲು ಮಾಯವಾಗುವುದು ಬೇಸ್. ನಾವು ವೂಫರ್ ಬೇಕೆನ್ನುವುದು ಈ ಸಂದಿನಲ್ಲಿ ಸೋರಿಹೋದ ಸದ್ದಿಗಾಗಿ.

ಡೋರ್ ಪ್ಯಾಡಿನ (ಬಾಗಿಲಿನ ಒಳಹೊದಿಕೆ) ಸ್ಕ್ರೂ ಬಿಚ್ಚಿ, ಕ್ಲಿಪ್‌ಗಳನ್ನು ಒಂದೊಂದಾಗಿ ಹುಷಾರಾಗಿ ಎಬ್ಬಿಸಿ. ಒಳಗಿನ ಪ್ಲಾಸ್ಟಿಕ್ ಹಾಳೆ ಹರಿಯಬಾರದು. ಮಳೆನೀರು ಪ್ಯಾಡಿಗೆ ಬರದಂತೆ ತಡೆಯುವುದು ಅದು. ತಗಡಿನ ಧೂಳು ಒರೆಸಿ, ಹೊರಮೈ ತಗಡಿನ ಒಳಭಾಗದ ನಡುವೆ, ಸ್ಪೀಕರಿನ ನೇರ ಹಿಂದೆ, ಬ್ಯೂಟೈಲ್ ರಬ್ಬರ್ ಹಾಳೆ ಅಂಟಿಸಿ ಗಟ್ಟಿಯಾಗಿ ಒತ್ತಿ. ಬೆರಳಿನಿಂದ ತಟ್ಟಿದರೆ ಡಬ್ಬದ ಸದ್ದು ಹೋಗಿ ಮರದ ಸದ್ದು ಬರಬೇಕು. ಇಡೀ ಬಾಗಿಲಿಗೆ ಹೊದಿಸುವ ಖರ್ಚು ಬೇಡ. ಸೂರಿಗೆ ಹಾಕುವ ಡಾಂಬರು ಹಾಳೆ ಅಗ್ಗ ನಿಜ, ಆದರೆ ರಾಯಚೂರು, ಕಲಬುರಗಿಯ ಬೇಸಿಗೆಗೆ ಮೆತ್ತಗಾಗಿ ನಾರುತ್ತದೆ. ಬಾಗಿಲಿನ ತಳದಲ್ಲಿ ನೀರು ಹರಿಯುವ ತೂತುಗಳಿರುತ್ತವೆ, ಅವನ್ನು ಮುಚ್ಚಿದರೆ ಒಂದೆರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ತೂತು ದೊಡ್ಡದಿದ್ದರೆ 12 ಮಿ.ಮೀ. ಪ್ಲೈವುಡ್ಡಿನ ಉಂಗುರ ಕತ್ತರಿಸಿ, ಪೇಂಟ್ ಹೊಡೆದು ಕೂರಿಸಿ. ಬಡಗಿಯ ಅಂಗಡಿಯಲ್ಲಿ ಚೂರು ಸಿಗುತ್ತದೆ. ಉಂಗುರಕ್ಕೂ ತಗಡಿಗೂ ನಡುವೆ, ಸ್ಪೀಕರಿಗೂ ಪ್ಯಾಡಿಗೂ ನಡುವೆ ಫೋಮ್ ಟೇಪು ಸುತ್ತಿ, ಎಲ್ಲಿಯೂ ಬೆಳಕು ಕಾಣದಂತೆ.

ವೈರಿಂಗ್

ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಟ್ಟೇ ಕೆಲಸ ಶುರು ಮಾಡಿ. ಹೊಸ ಡೆಕ್‌ನ ವೈರುಗಳಲ್ಲಿ ಸಾಮಾನ್ಯವಾಗಿ ಹಳದಿ ಬ್ಯಾಟರಿಗೆ, ಕೆಂಪು ಕೀಲಿ ತಿರುಗಿಸಿದಾಗ ಬರುವ ಕರೆಂಟಿಗೆ, ಕಪ್ಪು ಗಾಡಿಯ ಲೋಹದ ಮೈಗೆ. ಬಿಳಿ ಜೋಡಿ ಎಡ ಸ್ಪೀಕರ್, ಬೂದು ಜೋಡಿ ಬಲ. ಗಾಡಿಯ ಕಡೆಯ ಬಣ್ಣ ಬೇರೆಯೇ ಇರಬಹುದು, ಮಲ್ಟಿಮೀಟರ್ ಇಟ್ಟು ನೋಡಿಯೇ ಸೇರಿಸಿ.

ಚಿಕ್ಕಪ್ಪನ ಗಾಡಿಗೆ ಮೊದಲು ಡೆಕ್ ಹಾಕಿದವರು ಹಳದಿ, ಕೆಂಪು ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕೊಟ್ಟಿದ್ದರು. ಕೀಲಿ ತೆಗೆದರೂ ಡೆಕ್ ಕರೆಂಟು ಎಳೆಯುತ್ತಲೇ ಇತ್ತು. ಎರಡು ದಿನ ನಿಂತ ಗಾಡಿ ಟೊಮೆಟೊ ಲೋಡಾದ ರಾತ್ರಿ ಸ್ಟಾರ್ಟ್ ಆಗಲಿಲ್ಲ. ತಳ್ಳಿ ಹೊರಡಿಸುವಷ್ಟರಲ್ಲಿ ಹರಾಜಿನ ಹೊತ್ತು ಮೀರಿ, ಬಂದ ಬೆಲೆಗೆ ಕೊಟ್ಟು ಬರಬೇಕಾಯಿತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಸ್ಪೀಕರಿನ ಮೈನಸ್ ವೈರನ್ನು ಗಾಡಿಯ ಲೋಹದ ಮೈಗೆ ತಾಗಿಸಬೇಡಿ. ಈಗಿನ ಡೆಕ್‌ಗಳ ಐಸಿ (ಒಳಗಿನ ಚಿಪ್) ಸುಟ್ಟುಹೋಗುತ್ತದೆ. ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನದ್ದನ್ನೇ ಹಾಕಿ. ಅದರ ಜಾಗದಲ್ಲಿ ತಂತಿ ಎಳೆ ಸುತ್ತುವ ಅಭ್ಯಾಸದಿಂದ ಗಾಡಿಗೇ ಬೆಂಕಿ ಹತ್ತಬಹುದು.

ಸ್ಪೀಕರಿನ ಪ್ಲಸ್ ಯಾವುದೆಂದು ಗುರುತು ಅಳಿಸಿದ್ದರೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಪ್ಲಸ್. ಒಂದು ಸ್ಪೀಕರ್ ಉಲ್ಟಾ ಆದರೂ ಬೇಸ್ ಹೋಗಿ, ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದು. ಎಕ್ಸಲೇಟರ್ ಒತ್ತಿದಂತೆ ‘ಕುಂಯ್’ ಎಂಬ ಸದ್ದು ಏರಿದರೆ ಕಪ್ಪು ವೈರು ಸಿಕ್ಕಿಸಿದ ಜಾಗದ ಪೇಂಟ್ ಕೆರೆದು ಬಿಗಿಯಾಗಿ ಕಟ್ಟಿ.

ಸೆಟ್ಟಿಂಗ್

ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ 2000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 67 ಸಲ ಸಿಡಿಯುತ್ತದೆ. ತಬಲದ ಡಗ್ಗ, ಡೋಲಿನ ತಳದ ಸದ್ದು ಇರುವುದೂ ಆ ಆಸುಪಾಸಿನಲ್ಲೇ. ಆ ಗುಂಯ್‌ಗುಡುವಿಕೆಯ ಮೇಲೆ ಬೇಸ್ ಏರಿಸಿ ಗೆಲ್ಲಲು ಹೋದರೆ ಸ್ಪೀಕರ್ ಹರಿಯುತ್ತದೆ. ಡೆಕ್‌ನಲ್ಲಿ ಎಚ್‌ಪಿಎಫ್ (ತಳದ ಸದ್ದನ್ನು ತಡೆಯುವ ಫಿಲ್ಟರ್) ಎಂಬ ಆಯ್ಕೆ ಇದ್ದರೆ 80 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 80 ಕಂಪನಕ್ಕೆ, ಇಡಿ. ತಳದ ಹೊರೆ ಇಳಿದ ಸ್ಪೀಕರ್ ಹಾಡುವವರ ದನಿಯನ್ನು ಇನ್ನಷ್ಟು ಜೋರಾಗಿ, ಒಡೆಯದೆ ಹೇಳುತ್ತದೆ. ಆಮೇಲೆ ಗಾಜು ಏರಿಸಿ, ರಸ್ತೆಗಿಳಿದು, ಹಾಡಿನ ಪದಗಳು ಬಿಡಿಬಿಡಿಯಾಗಿ ಕೇಳುವ ಮಟ್ಟದಲ್ಲಿ ವಾಲ್ಯೂಮ್ ನಿಲ್ಲಿಸಿ. ಹಿಂದಿನಿಂದ ಬರುವ ಆಂಬುಲೆನ್ಸ್ ಸದ್ದೂ ಅದರ ನಡುವೆ ಕಿವಿಗೆ ಬೀಳುವಂತಿರಬೇಕು.